ಶಾಲೆಯ ಗೇಟಿನಿಂದ ನೂರು ಗಜ

ಕಳೆದ ತಿಂಗಳು ತಾಯಿಯೊಬ್ಬರು ಹನ್ನೊಂದು ವರ್ಷದ ಮಗನನ್ನು ನನ್ನ ದವಾಖಾನೆಗೆ ಕರೆತಂದರು. ಸ್ವಲ್ಪ ಓಡಿದರೂ ಏದುಸಿರು, ಆಗಾಗ ತಲೆನೋವು. ತೂಕ ವಯಸ್ಸಿಗೆ ಮೀರಿತ್ತು. ರಕ್ತದೊತ್ತಡವನ್ನು ಮೂರು ಸಲ ಅಳೆದೆ. ಮೂರು ಸಲವೂ ಹೆಚ್ಚೇ ಇತ್ತು. ಮಕ್ಕಳ ತಜ್ಞರಲ್ಲಿಗೆ ಕಳುಹಿಸಿದೆ. “ಮನೆಯಲ್ಲಿ ಎಣ್ಣೆ, ಉಪ್ಪು ಕಡಿಮೆಯೇ ಹಾಕುತ್ತೇನೆ ಹಕೀಮ್ ಸಾಹೇಬ್” ಎಂದರು ತಾಯಿ. ಅವರು ಹೇಳಿದ್ದು ನಿಜವೇ. ಹುಡುಗನನ್ನು ಕೇಳಿದಾಗ ವಿಷಯ ಹೊರಬಂತು: ದಿನವೂ ಶಾಲೆ ಬಿಟ್ಟ ಮೇಲೆ ಎದುರಿನ ಅಂಗಡಿಯಲ್ಲಿ ಎರಡು ಪೊಟ್ಟಣ ಚಿಪ್ಸ್, ಒಂದು ಬಣ್ಣದ ಪಾನೀಯ.

ಪ್ರಿಯ ಓದುಗರೇ, ಮಗುವಿನ ಹೃದಯವನ್ನು ಕಾಯುವುದು ಅಡುಗೆಮನೆಯೊಂದೇ ಅಲ್ಲ. ಯುನಾನಿ ವೈದ್ಯಶಾಸ್ತ್ರ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು ಹೇಳುತ್ತದೆ. ಅದರಲ್ಲಿ ಮೊದಲನೆಯದು ಸುತ್ತಲಿನ ಗಾಳಿ. ನಂತರ ಆಹಾರ-ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ. ಈ ಮೂರನ್ನೂ ಶಾಲೆಯ ಸುತ್ತಮುತ್ತಲು ನಿರ್ಧರಿಸುತ್ತದೆ.

ನಮ್ಮ ಅನಮೋಡವನ್ನೇ ನೋಡಿ. ಸುತ್ತ ದಟ್ಟ ಕಾಡು, ಹಾಗಾಗಿ ಗಾಳಿಯ ಚಿಂತೆ ನಮಗಿಲ್ಲ ಎಂದುಕೊಳ್ಳುತ್ತೇವೆ. ಆದರೆ ಬೆಳಗಾವಿ–ಪಣಜಿ ಹೆದ್ದಾರಿ ಇಲ್ಲಿಂದಲೇ ಘಟ್ಟ ಇಳಿದು ಗೋವಾಕ್ಕೆ ಹೋಗುತ್ತದೆ. ಭಾರ ಹೊತ್ತು ಏರುವ ಲಾರಿಗಳ ಡೀಸೆಲ್ ಹೊಗೆಯಲ್ಲಿನ ಸೂಕ್ಷ್ಮ ಕಣಗಳು ಶ್ವಾಸಕೋಶದ ಮೂಲಕ ರಕ್ತನಾಳಗಳಿಗೂ ಕೇಡು ಮಾಡುತ್ತವೆ. ಇನ್ನು ವಾಹನಗಳ ವೇಗಕ್ಕೆ ಹೆದರಿ ನಾವು ಮಕ್ಕಳನ್ನು ನಡೆಯಲು ಬಿಡುವುದಿಲ್ಲ, ಬೈಕಿನಲ್ಲೇ ಬಿಟ್ಟು ಬರುತ್ತೇವೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವಂತೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹೃದ್ರೋಗ ಐವತ್ತರ ನಂತರದ ಮಾತು ಎನ್ನಬೇಡಿ. ಅಮೆರಿಕದ ಬೊಗಲುಸಾ ಪಟ್ಟಣದಲ್ಲಿ 1970ರ ದಶಕದಿಂದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ನಡೆಸಿದ ಅಧ್ಯಯನ, ರಕ್ತನಾಳಗಳಲ್ಲಿ ಕೊಬ್ಬು ಕಟ್ಟುವುದು ಬಾಲ್ಯದಲ್ಲೇ ಶುರುವಾಗುತ್ತದೆಂದು ತೋರಿಸಿಕೊಟ್ಟಿದೆ.

ಕಾನೂನು ಇಲ್ಲವೆಂದಲ್ಲ. 2003ರ ಕಾಯಿದೆಯಂತೆ ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ. ಶಾಲಾಮಕ್ಕಳ ಆಹಾರದ ಬಗ್ಗೆ 2020ರಲ್ಲಿ ಬಂದ ನಿಯಮ, ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸುಗಳನ್ನು ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು ಎನ್ನುತ್ತದೆ. ಒಳಗೆ ಸರ್ಕಾರ ಬಿಸಿಯೂಟ, ಹಾಲು, ಮೊಟ್ಟೆ ಕೊಡುತ್ತದೆ. ಹೊರಗೆ ಗುಟ್ಕಾದ ಸರ, ಚಿಪ್ಸಿನ ಸರ ಒಂದೇ ಹಗ್ಗದಲ್ಲಿ ತೂಗುತ್ತಿದ್ದರೆ ಆ ಊಟದ ಫಲವೇನು?

ಅಂಗಡಿಯವರು ನಮ್ಮವರೇ, ಅವರಿಗೂ ಹೊಟ್ಟೆಪಾಡಿದೆ. ಅಂಗಡಿ ಮುಚ್ಚಿಸಿ ಎಂದು ನಾನು ಹೇಳುವುದಿಲ್ಲ, ಸರಕು ಬದಲಾಗಲಿ ಎನ್ನುತ್ತೇನೆ. ಗಡ್ಡೆ-ಗೆಣಸಿಗೆ ಹೆಸರಾದ ತಾಲೂಕು ನಮ್ಮದು. ಬೇಯಿಸಿದ ಗೆಣಸು, ಹುರಿದ ಶೇಂಗಾ, ಬಾಳೆಹಣ್ಣು, ಪೇರಲೆ ಅದೇ ಹತ್ತು ರೂಪಾಯಿಗೆ ಸಿಗಲಿ. ಆದರೆ ನಾವು ಮಗುವಿನ ಕೈಗೆ ಹಣ ಕೊಟ್ಟು ಚಿಪ್ಸ್ ಕೊಳ್ಳಲು ಬಿಟ್ಟರೆ ಯಾವ ಅಂಗಡಿಯವನೂ ಗೆಣಸು ಇಡುವುದಿಲ್ಲ. ಮೊದಲ ಗಿರಾಕಿಗಳು ನಾವೇ ಆಗಬೇಕು.

ದಾರಿಯಲ್ಲಿನ ಮುಳ್ಳು ಸರಿಸುವುದು ಪುಣ್ಯವೆಂದು ಮದ್ರಸದಲ್ಲಿ ಕಲಿತವರು ನಾವು. ಈ ವಾರ ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಹದಿನೈದು ನಿಮಿಷ ನಿಂತು ನೋಡಿ. ಮಕ್ಕಳು ಏನು ಕೊಳ್ಳುತ್ತಾರೆ, ಯಾವ ಹೊಗೆಯಲ್ಲಿ ನಿಲ್ಲುತ್ತಾರೆ, ಹೇಗೆ ರಸ್ತೆ ದಾಟುತ್ತಾರೆ ಎಂದು ಬರೆದುಕೊಳ್ಳಿ. ಕರೆದೊಯ್ಯಲು ಬಂದವರು ಎಂಜಿನ್ ಆರಿಸಿ ಕಾಯಲಿ. ಆ ಚೀಟಿಯನ್ನು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಓದಿ. ತಂಬಾಕಿನ ದೂರು ಮತ್ತು ರಸ್ತೆ ಉಬ್ಬಿನ ಬೇಡಿಕೆಯನ್ನು ಪಂಚಾಯತಿಗೆ ಬರೆದುಕೊಡಿ. ಜಮಾಅತಿನ ಹಿರಿಯರೂ ಸಹಿ ಹಾಕಲಿ.

ಆ ಹುಡುಗ ಮತ್ತೆ ಬರುತ್ತಾನೆ. ಪಥ್ಯ ಬರೆದುಕೊಡುವುದು ನನ್ನ ಕೆಲಸ. ಅದನ್ನು ಅವನು ಪಾಲಿಸುವಂತಹ ದಾರಿಯನ್ನು ನಾವೆಲ್ಲ ಸೇರಿ ಮಾಡಿಕೊಡಬೇಕು.