ವಿದ್ಯುತ್ ವ್ಯಾಪಾರದ ಎರಡು ಕೊಳಗಗಳು

ಅಚೌರ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನಿಗೆ ಕಳ್ಳತನವೊಂದೇ ವರ್ಜ್ಯವಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಅವುಗಳಲ್ಲೊಂದು ಹೀನಾಧಿಕಮಾನೋನ್ಮಾನ. ಎಂದರೆ ಕೊಳ್ಳುವಾಗ ಹಿರಿಯ ಕೊಳಗ, ಕೊಡುವಾಗ ಕಿರಿಯ ಕೊಳಗ. ಧಾನ್ಯದಂಗಡಿಯಲ್ಲಿ ಈ ದೋಷವನ್ನು ಕ್ಷಣದಲ್ಲಿ ಗುರುತಿಸುವ ವಣಿಕ ಸಮಾಜವು ವಿದ್ಯುತ್ತಿನ ವ್ಯಾಪಾರದಲ್ಲಿ ಅದನ್ನು ಕಾಣದಿರುವುದು ಆಶ್ಚರ್ಯದ ಸಂಗತಿ.

ಉಷ್ಣವಿದ್ಯುತ್ ಸ್ಥಾವರವು ಸರಬರಾಜು ಕಂಪನಿಯೊಡನೆ ಮಾಡಿಕೊಳ್ಳುವ ದೀರ್ಘಾವಧಿಯ ಒಪ್ಪಂದದಲ್ಲಿ ಸಾಮಾನ್ಯವಾಗಿ ದರಕ್ಕೆ ಎರಡು ಭಾಗಗಳಿರುತ್ತವೆ. ಬಂಡವಾಳ, ಬಡ್ಡಿ ಮತ್ತು ಲಾಭಕ್ಕೆ ಸ್ಥಿರ ಶುಲ್ಕ. ಕಲ್ಲಿದ್ದಲಿನ ವೆಚ್ಚಕ್ಕೆ ಇಂಧನ ಶುಲ್ಕ. ಕಲ್ಲಿದ್ದಲು ತುಟ್ಟಿಯಾದರೆ ಆ ಹೆಚ್ಚಳವು ಕೊನೆಗೆ ಗೃಹಸ್ಥನ ಬಿಲ್ಲನ್ನು ಸೇರುತ್ತದೆ. 2022ರ ಡಿಸೆಂಬರಿನಲ್ಲಿ ತಿದ್ದುಪಡಿಯಾದ ಕೇಂದ್ರದ ನಿಯಮಗಳು ಇದನ್ನು ತಿಂಗಳು ತಿಂಗಳೂ ತಾನಾಗಿ ವರ್ಗಾಯಿಸುವುದಕ್ಕೆ ದಾರಿ ಮಾಡಿಕೊಟ್ಟವು. ಇಲ್ಲಿಯ ಅಳತೆ ವೆಚ್ಚ. ವೆಚ್ಚ ಮಾಡಿದವನಿಗೆ ವೆಚ್ಚವು ಮರಳಬೇಕೆಂಬುದರಲ್ಲಿ ಅನ್ಯಾಯವಿಲ್ಲ.

ಆದರೆ ಒಪ್ಪಂದಕ್ಕೆ ಸೇರದ ವಿದ್ಯುತ್ತು ವಿನಿಮಯ ಕೇಂದ್ರಕ್ಕೆ ಬಂದೊಡನೆ ಅದೇ ಉತ್ಪಾದಕನ ಕೈಯಲ್ಲಿ ಕೊಳಗವು ಬದಲಾಗುತ್ತದೆ. ಅಲ್ಲಿ ಆಯಾ ಅವಧಿಗೆ ಬೇಕಾದ ಕೊನೆಯ, ಅತಿ ದುಬಾರಿ ಯೂನಿಟ್ಟಿನ ಬೆಲೆಯೇ ಎಲ್ಲ ಮಾರಾಟಗಾರರಿಗೂ ಸಲ್ಲುತ್ತದೆ. 2022ರ ಮಾರ್ಚಿಯಲ್ಲಿ ಅಭಾವದ ಹೊತ್ತಿನಲ್ಲಿ ಅದು ಯೂನಿಟ್ಟಿಗೆ 20 ರೂಪಾಯಿ ಮುಟ್ಟಿತು. ಏಪ್ರಿಲಿನಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವು 12 ರೂಪಾಯಿಗಳ ಮಿತಿಯನ್ನು ವಿಧಿಸಬೇಕಾಯಿತು. 2023ರ ಏಪ್ರಿಲಿನಲ್ಲಿ ಮಿತಿಯು 10 ರೂಪಾಯಿಗಿಳಿಯಿತು. ಬೆಲೆ 12 ರೂಪಾಯಿ ಇದ್ದಾಗ ವಿದೇಶದ ದುಬಾರಿ ಕಲ್ಲಿದ್ದಲು ಸುಟ್ಟವನಿಗೂ 12, ದೇಶದ ಅಗ್ಗದ ಕಲ್ಲಿದ್ದಲು ಸುಟ್ಟವನಿಗೂ 12, ಇಂಧನವನ್ನೇ ಸುಡದವನಿಗೂ 12. ಇಲ್ಲಿ ವೆಚ್ಚದ ಮಾತೇ ಇಲ್ಲ. ಸರಬರಾಜು ಕಂಪನಿ ತೆತ್ತ ಈ ಹಣವೂ ಗೃಹಸ್ಥನ ಬಿಲ್ಲಿಗೇ ಬರುತ್ತದೆ. ವೆಚ್ಚ ಏರಿದಾಗ ವೆಚ್ಚವೇ ಅಳತೆ, ಅಭಾವ ಬಂದಾಗ ಪೇಟೆಯೇ ಅಳತೆ! ಹಿರಿಯ ಕೊಳಗ, ಕಿರಿಯ ಕೊಳಗ ಎಂಬುದಕ್ಕೆ ಬೇರೆ ಉದಾಹರಣೆ ಬೇಕೆ?

ಪೇಟೆಯ ಧಾರಣೆಯನ್ನು ಪಡೆಯುವುದು ವ್ಯಾಪಾರಧರ್ಮವೆಂದು ಕೆಲವರು ವಾದಿಸುವರು. ಗಿರಾಕಿಯು ಒಂದು ಅಂಗಡಿಯನ್ನು ಬಿಟ್ಟು ಮತ್ತೊಂದಕ್ಕೆ ಹೋಗಬಲ್ಲ ಕಡೆ ಆ ವಾದ ನಿಂತೀತು. ಒಂದೇ ತಂತಿಗೆ ಕಟ್ಟಿಬಿದ್ದ ಗೃಹಸ್ಥನ ಮುಂದೆ ಅದು ನಿಲ್ಲದು. ವಿನಿಮಯ ಕೇಂದ್ರದ ಪಾಲು ದೇಶದ ಒಟ್ಟು ವಿದ್ಯುತ್ತಿನಲ್ಲಿ ಅಲ್ಪವೆಂಬ ಸಮಾಧಾನವೂ ಸಲ್ಲದು. ಅತಿಚಾರವು ಅಲ್ಪವಾದರೂ ಅತಿಚಾರವೇ. ಕಾನೂನಿನ ಒಪ್ಪಿಗೆ ಉಂಟೆಂಬುದು ನಿಜ. ಆದರೆ ಕಾನೂನು ಮುಗಿಯುವಲ್ಲಿಂದ ವ್ರತವು ಆರಂಭವಾಗುತ್ತದೆ.

ಪರಿಹಾರ ಅಸಾಧ್ಯವೇನಲ್ಲ. ಅನಿಲದ ಬೆಲೆ ಗಗನಕ್ಕೇರಿದ 2022ರಲ್ಲಿ ಯೂರೋಪಿನ ಒಕ್ಕೂಟವು ಗಾಳಿ, ಬಿಸಿಲು, ಪರಮಾಣು ಮುಂತಾದ ಅಗ್ಗದ ಮೂಲಗಳ ಉತ್ಪಾದಕರ ಆದಾಯಕ್ಕೆ ಮೆಗಾವ್ಯಾಟ್ ಗಂಟೆಗೆ 180 ಯೂರೋಗಳ ಮಿತಿ ಹಾಕಿ, ಮಿಕ್ಕಿದ್ದನ್ನು ಬಳಕೆದಾರರ ನೆರವಿಗೆ ಬಳಸಲು ವಿಧಿಸಿತು. ಪರಿಗ್ರಹ ಪರಿಮಾಣದ ಹೆಸರನ್ನೇ ಕೇಳದವರು ಲಾಭಕ್ಕೆ ಪರಿಮಾಣ ಹಾಕಿದರು. ಆ ವ್ರತವನ್ನು ನಿತ್ಯವೂ ಪಠಿಸುವವರು ಸುಮ್ಮನಿರುವುದು ಶೋಭೆಯಲ್ಲ.

ಬಸದಿಗಳ ವಿಶ್ವಸ್ತ ಮಂಡಳಿಗಳು ಎರಡು ಕಾರ್ಯಗಳನ್ನು ಕೈಗೊಳ್ಳಬಹುದು. ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಕರೆಯುತ್ತದೆ; ಅಲ್ಲಿ ಪ್ರತಿಯೊಂದು ಮೂಲದ ಇಂಧನ ವೆಚ್ಚವನ್ನೂ ಖರೀದಿ ದರವನ್ನೂ ಅಕ್ಕಪಕ್ಕದಲ್ಲಿಟ್ಟು ಬಿಲ್ಲಿನೊಡನೆ ಪ್ರಕಟಿಸಬೇಕೆಂದು ಲಿಖಿತವಾಗಿ ಒತ್ತಾಯಿಸಬೇಕು. ಎರಡನೆಯದಾಗಿ, ವಿದ್ಯುತ್ ಉದ್ಯಮದಲ್ಲಿ ಹಣ ತೊಡಗಿಸಿದ ದಾನಿಗಳಿಗೆ ಲಾಭದ ಮೂಲವನ್ನು ವಿಚಾರಿಸಬೇಕು. ಶ್ರಾವಕನ ದಾನಕ್ಕೆ ನ್ಯಾಯೋಪಾರ್ಜಿತ ಧನವೇ ಅಡಿಪಾಯ. ಬಡವನ ಮನೆಯ ದೀಪದಿಂದ ಮಿಗಿಸಿದ ಹಣದಲ್ಲಿ ಬಸದಿಯ ನಂದಾದೀಪ ಬೆಳಗುವುದು ಪ್ರಭಾವನೆಯೆನಿಸದು.