ಬೀಗ ಹಾಕಿದವರು ಕೀಲಿಯನ್ನೂ ಕೊಡಬೇಕು

ಕಮಲಾಪುರದ ವಿದ್ಯಾರ್ಥಿಯೊಬ್ಬನು ಕಲಬುರಗಿ ನಗರಕ್ಕೆ ಬಂದು, ಒಬ್ಬರು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ಕೊಂಡನೆಂದು ಭಾವಿಸೋಣ. ಪೆನ್‌ಡ್ರೈವಿನಿಂದ ಅದಕ್ಕೆ ಲಿನಕ್ಸ್ ಹಾಕಿಕೊಳ್ಳಬೇಕೆಂಬುದು ಅವನ ಆಸೆ. ಊರಿಗೆ ಮರಳಿ ಪ್ರಯತ್ನಿಸಿದರೆ, ಯಂತ್ರವು ಹಿಂದಿನ ಒಡೆಯನ ಪಾಸ್‌ವರ್ಡನ್ನು ಕೇಳುತ್ತದೆ. ಹಣ ತೆತ್ತು ಕೊಂಡ ವಸ್ತು ಕೈಯಲ್ಲಿದ್ದೂ ಅವನದಾಗಲಿಲ್ಲ.

ಇದಕ್ಕೆ ಕಾರಣವೇನು? ಕಂಪ್ಯೂಟರಿಗೆ ವಿದ್ಯುತ್ತು ಹರಿದೊಡನೆ ಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ. ಒಳಗಿನ ಚಿಪ್ಪೊಂದರಲ್ಲಿ ನೆಲೆಸಿರುವ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಅದಕ್ಕೆ ಬಯಾಸ್ ಎಂದೂ ಈಚಿನವುಗಳಲ್ಲಿ ಯುಇಎಫ್‌ಐ ಎಂದೂ ಹೆಸರು. ಯಾವ ಡಿಸ್ಕಿನಿಂದ ಕೆಲಸ ಆರಂಭವಾಗಬೇಕೆಂಬುದನ್ನು ನಿರ್ಣಯಿಸುವುದು ಅದೇ. ಆ ನಿರ್ಣಯಕ್ಕೆ ಪಾಸ್‌ವರ್ಡಿನ ಕಾವಲಿಟ್ಟರೆ ಹೊರಗಿನ ಡ್ರೈವಿಗೆ ಪ್ರವೇಶವಿಲ್ಲ. ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಲ್ಲಿಯೂ ಹೀಗೆಯೇ. ಗೊತ್ತುಪಡಿಸಿದ ಡಿಸ್ಕನ್ನು ಬಿಟ್ಟು ಬೇರೊಂದರಿಂದ ಆರಂಭಿಸಲು ಹೊರಟರೆ ಪಾಸ್‌ವರ್ಡ್ ಹೇಳಲೇಬೇಕು. 2020ರಿಂದೀಚೆಗೆ ಬಂದ ಆಪಲ್ ಸಿಲಿಕಾನ್ ಚಿಪ್ಪಿನ ಮ್ಯಾಕ್‌ಗಳಲ್ಲಿ ಮಾತ್ರ ಈ ಪಾಸ್‌ವರ್ಡ್ ಇಲ್ಲ. ಅಲ್ಲಿನ ರಕ್ಷಣೆಯ ಕ್ರಮವೇ ಬೇರೆ.

ಇಂಥ ಬೀಗವೇ ಬೇಡವೆಂದು ನಾವು ಹೇಳುವುದಿಲ್ಲ. ಹಲವರು ಬಳಸುವ ಕಾಲೇಜಿನ ಕಂಪ್ಯೂಟರಿನಲ್ಲಿ ಅದಿಲ್ಲದಿದ್ದರೆ, ಪೆನ್‌ಡ್ರೈವ್ ಹಿಡಿದು ಬಂದವನು ವಿಂಡೋಸಿನ ಪಾಸ್‌ವರ್ಡನ್ನು ಬದಿಗೊತ್ತಿ ಕಡತಗಳನ್ನು ಓದಬಲ್ಲನು. ಆದರೆ ಕಲಬುರಗಿಯ ಕೋಟೆಯ ಹೆಬ್ಬಾಗಿಲಿನಂತೆ ಇದೂ ಬಾಗಿಲನ್ನು ಕಾಯುತ್ತದೆಯೇ ಹೊರತು ಭಂಡಾರವನ್ನಲ್ಲ. ಡಿಸ್ಕನ್ನೇ ಕಳಚಿ ಬೇರೆ ಯಂತ್ರಕ್ಕೆ ಜೋಡಿಸಬಹುದಾದಲ್ಲಿ, ಅದರೊಳಗಿನ ಬರಹವನ್ನು ಗೂಢಲಿಪಿಗೆ ತಿರುಗಿಸಿರದಿದ್ದರೆ ಎಲ್ಲವೂ ಬಯಲಾಗುತ್ತದೆ.

ಕಳ್ಳನನ್ನು ಅಷ್ಟು ಮಾತ್ರ ತಡೆಯುವ ಬೀಗವು ಪ್ರಾಮಾಣಿಕನಾದ ಹೊಸ ಒಡೆಯನನ್ನು ಪೂರ್ಣವಾಗಿ ತಡೆಯುವುದು ವಿಪರ್ಯಾಸವಲ್ಲವೆ? ಹಳೆಯ ಡೆಸ್ಕ್‌ಟಾಪುಗಳಲ್ಲಿ ಗುಂಡಿಯಂಥ ಬ್ಯಾಟರಿಯನ್ನು ತೆಗೆದರೆ ಪಾಸ್‌ವರ್ಡ್ ಅಳಿಯುತ್ತಿದ್ದುದುಂಟು. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಅದು ವಿದ್ಯುತ್ತಿಲ್ಲದೆಯೂ ಉಳಿಯುವ ನೆನಪಿನಲ್ಲಿರುವುದರಿಂದ ಆ ಉಪಾಯ ಸಾಗದು. ಮರೆತ ಮ್ಯಾಕ್ ಪಾಸ್‌ವರ್ಡನ್ನು ತೆಗೆಸಲು ಆಪಲ್ ಸಂಸ್ಥೆಯು ಮೂಲ ಖರೀದಿಯ ರಸೀದಿಯನ್ನು ಕೇಳುತ್ತದೆ. ಎರಡನೆಯ ಕೈಗೆ ಬಂದ ಯಂತ್ರದೊಡನೆ ಆ ಕಾಗದವೂ ಬರುವುದು ಅಪರೂಪ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಶಾಲೆ, ಕಚೇರಿಗಳು ಪಾಸ್‌ವರ್ಡನ್ನು ಒಬ್ಬ ನೌಕರನ ನೆನಪಿಗೆ ಬಿಡದೆ, ಮೊಹರು ಮಾಡಿದ ಲಕೋಟೆಯಲ್ಲಿಟ್ಟು ದಾಸ್ತಾನು ಪುಸ್ತಕದೊಡನೆ ಕಾಪಾಡಬೇಕು. ಮಾರುವವನು ಅದನ್ನು ತೆಗೆದೇ ಮಾರಬೇಕು. ಕೊಳ್ಳುವವನು ಹಣ ಎಣಿಸುವ ಮುನ್ನ, ಅಂಗಡಿಯಲ್ಲಿಯೇ ಪೆನ್‌ಡ್ರೈವಿನಿಂದ ಯಂತ್ರವನ್ನು ಆರಂಭಿಸಿ ನೋಡಬೇಕು. ಕಮಲಾಪುರದಿಂದ ಮತ್ತೊಮ್ಮೆ ಬಸ್ಸು ಹತ್ತಿ ಬರುವ ಕಷ್ಟಕ್ಕಿಂತ ಆ ಐದು ನಿಮಿಷದ ಪರೀಕ್ಷೆ ಲೇಸು.