ಶಾಲೆ ಬಿಟ್ಟ ಮೇಲೆ

ಈಚೆಗೆ ನಾನೊಂದು ಕಾಗದ ಬರೆಯಬೇಕಾಗಿ ಬಂತು. ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದ ನನ್ನ ಮಗಳಿಗೆ ವರ್ಗಾವಣೆಯ ಕಾಲ ಒದಗಿತ್ತು. ಬೆಂಗಳೂರೋ ಮೈಸೂರೋ, ಒಂದು ಊರಿನ ಹೆಸರನ್ನು ತಿಂಗಳೊಳಗಾಗಿ ತಿಳಿಸಬೇಕಾಗಿತ್ತು. ಅವಳು ನ್ಯಾಯಾಲಯದ ಮೂಲಕ ಮದುವೆಯಿಂದ ಬಿಡುಗಡೆ ಪಡೆದವಳು; ಏಳು ವರ್ಷದ ಹೆಣ್ಣುಮಗುವನ್ನು ಒಬ್ಬಳೇ ಸಾಕುತ್ತಿರುವವಳು. “ಅಪ್ಪ, ಎರಡೂ ಊರಿನ ಲಾಭ ನಷ್ಟ ವಿಚಾರಿಸಿ ಬರೆಯಿರಿ. ನಿಮ್ಮ ಆಸೆಯನ್ನು ಮಾತ್ರ ಅದರಲ್ಲಿ ಸೇರಿಸಬೇಡಿ” ಎಂದಳು. ಬಸವನಗುಡಿಯಲ್ಲಿಯೇ ಎಪ್ಪತ್ತೆರಡು ವರ್ಷ ಕಳೆದವನು ಆಸೆಯನ್ನು ಬದಿಗಿಟ್ಟು ಬೆಂಗಳೂರಿನ ಲೆಕ್ಕ ಬರೆಯುವುದು ಸುಲಭವಲ್ಲ. ಆದರೂ ಕುಳಿತೆ.

ಇದು ನಮ್ಮೊಬ್ಬರ ಮನೆಯ ಮಾತೇ ಆಗಿದ್ದರೆ ಪತ್ರಿಕೆಯವರೆಗೆ ತರುತ್ತಿರಲಿಲ್ಲ. ವಿಶ್ವಸಂಸ್ಥೆಯ ಮಹಿಳಾ ವಿಭಾಗವು 2019ರಲ್ಲಿ ಹೊರತಂದ ವರದಿಯ ಪ್ರಕಾರ ಭಾರತದ ಕುಟುಂಬಗಳಲ್ಲಿ ಶೇಕಡ 4.5ರಷ್ಟನ್ನು, ಎಂದರೆ ಸುಮಾರು 1.3 ಕೋಟಿ ಮನೆಗಳನ್ನು, ತಾಯಿಯೊಬ್ಬಳೇ ನಡೆಸುತ್ತಿದ್ದಾಳೆ. ತವರಿನಲ್ಲಿಯೋ ಇತರ ಬಂಧುಗಳ ಆಶ್ರಯದಲ್ಲಿಯೋ ಇರುವ ಇಂಥ ತಾಯಂದಿರು ಇನ್ನೂ 3.2 ಕೋಟಿ ಎಂದು ಅದೇ ವರದಿಯ ಅಂದಾಜು. ಇವರಲ್ಲಿ ಅನೇಕರು ಒಂದಲ್ಲ ಒಂದು ದಿನ ನನ್ನ ಮಗಳು ಕೇಳಿದ ಪ್ರಶ್ನೆಯನ್ನೇ ಕೇಳಿಕೊಂಡಿರಬೇಕು: ಯಾವ ಊರು?

ಮೊದಲು ಮನೆ ಹುಡುಕಿದೆ. ನಾನಿರುವುದು ಮಗನ ಸಂಸಾರದ ಜೊತೆ, ಎರಡು ಕೋಣೆಯ ಮನೆಯಲ್ಲಿ. ಅಲ್ಲಿ ಇನ್ನಿಬ್ಬರಿಗೆ ಎಡೆಯಿಲ್ಲ. ನಮ್ಮ ಬೀದಿಯ ಆಚೆಗೆ ಅಂಥದೇ ಮನೆಗೆ 28 ಸಾವಿರ ರೂಪಾಯಿ ಬಾಡಿಗೆ ಹೇಳಿದರು. ಮೈಸೂರಿನ ಸರಸ್ವತೀಪುರದಲ್ಲಿ 15 ಸಾವಿರ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಬೆಂಗಳೂರಿನ ಹಳೆಯ ವಾಡಿಕೆ ಈಗ ಕೆಲವೆಡೆ ಸಡಿಲಗೊಂಡಿದೆಯಂತೆ. ನನಗೆ ಅಂಥ ಮನೆ ಸಿಗಲಿಲ್ಲ. ಮಲ್ಲೇಶ್ವರದಲ್ಲಿ ಒಂದು ಮನೆ ಎಲ್ಲ ರೀತಿಯಿಂದಲೂ ಹಿಡಿಸಿತ್ತು. ಮಾತು ಮುಗಿಯುವ ಹೊತ್ತಿಗೆ ಯಜಮಾನರು ಕೇಳಿದರು:

“ಅಳಿಯಂದಿರು ಎಲ್ಲಿ ಕೆಲಸ?”

ಇದ್ದುದನ್ನು ಇದ್ದಂತೆ ಹೇಳಿದೆ. ಅವರ ಮುಖ ಸಣ್ಣದಾಯಿತು. “ತಪ್ಪು ತಿಳಿಯಬೇಡಿ ಸ್ವಾಮಿ. ನಾವು ಸಂಸಾರಸ್ಥರಿಗೆ ಮಾತ್ರ ಕೊಡುವುದು.”

ತಾಯಿ ಮಗಳು ಸೇರಿದರೆ ಸಂಸಾರವಲ್ಲವೆ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತೆಂದು ಬಸ್ಸಿನಲ್ಲಿ ಕುಳಿತ ಮೇಲೆ ತೋರಿತು. ಮೈಸೂರಿನಲ್ಲಿಯೂ ಒಬ್ಬರು ಇದೇ ಪ್ರಶ್ನೆಯನ್ನು ಇನ್ನಷ್ಟು ನಯವಾಗಿ ಕೇಳಿದರು. ಆದುದರಿಂದ ಈ ವಿಷಯದಲ್ಲಿ ಎರಡೂ ಊರುಗಳನ್ನು ಸಮವೆಂದೇ ಬರೆದುಕೊಂಡೆ.

ಎರಡನೆಯದು ಓಡಾಟ. ಬೆಂಗಳೂರಾದರೆ ಅವಳ ಶಾಖೆ ವೈಟ್‌ಫೀಲ್ಡಿನಲ್ಲಿ. 2023ರ ಅಕ್ಟೋಬರಿನಲ್ಲಿ ಮೆಟ್ರೋ ಅಲ್ಲಿಯವರೆಗೆ ಪೂರ್ತಿಯಾಗಿ ತಲುಪಿದ್ದು ದೊಡ್ಡ ಉಪಕಾರವೇ ಸರಿ. ಒಂದು ದಿನ ನಾನೇ ಪರೀಕ್ಷಿಸಿ ನೋಡಿದೆ. ನ್ಯಾಷನಲ್ ಕಾಲೇಜಿನ ಬಳಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ, ಮನೆಯ ಬಾಗಿಲಿನಿಂದ ಶಾಖೆಯ ಬಾಗಿಲಿಗೆ ಒಂದೂವರೆ ಗಂಟೆ ಹಿಡಿಯಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಹೆಂಗಸರಿಗೆ ಉಚಿತವಾಯಿತು. ಮೆಟ್ರೋ ಅದರ ಹೊರಗೆ ಉಳಿಯಿತು. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಒಟ್ಟಿನಲ್ಲಿ ಬಸ್ಸಿನಲ್ಲಿ ಹೋದರೆ ಹಣ ಉಳಿಯುತ್ತದೆ, ಮೆಟ್ರೋದಲ್ಲಿ ಹೋದರೆ ಹೊತ್ತು ಉಳಿಯುತ್ತದೆ. ಒಂಟಿ ತಾಯಿಗೆ ಎರಡೂ ಕೊರತೆಯೇ. ಮೈಸೂರಿನಲ್ಲಾದರೋ ಮನೆ, ಶಾಲೆ, ಶಾಖೆ ಮೂರೂ ಹದಿನೈದು ನಿಮಿಷದ ಅಂತರದಲ್ಲಿ ದೊರೆಯುವಂತಿದ್ದುವು.

ಬೆಂಗಳೂರಿನ ಪಕ್ಷದಲ್ಲಿ ಹೇಳುವುದಕ್ಕೆ ಏನೂ ಇಲ್ಲವೆಂದಲ್ಲ. 2011ರ ಜನಗಣತಿಯಲ್ಲಿಯೇ ಈ ನಗರದ ಜನಸಂಖ್ಯೆ 84 ಲಕ್ಷವನ್ನು ದಾಟಿತ್ತು. ಮೈಸೂರಿನದು 9 ಲಕ್ಷದಷ್ಟು. ಇರುವ ಕೆಲಸ ಕೈಬಿಟ್ಟರೆ ಇನ್ನೊಂದು ಸಿಗುವ ಸಂಭವ ಇಲ್ಲಿ ಹೆಚ್ಚು; ಒಬ್ಬರ ಸಂಪಾದನೆಯ ಮನೆಗೆ ಇದು ಸಣ್ಣ ಮಾತಲ್ಲ. ಅಣ್ಣ ಅತ್ತಿಗೆ ಇಲ್ಲಿದ್ದಾರೆ. ಮಗುವಿನ ತಂದೆ ಇರುವುದೂ ಇಲ್ಲಿಯೇ. ನ್ಯಾಯಾಲಯದ ಆಜ್ಞೆಯಂತೆ ಪ್ರತಿ ತಿಂಗಳ ಎರಡನೆಯ ಭಾನುವಾರ ಅವರು ಮಗುವನ್ನು ನೋಡತಕ್ಕದ್ದು. ಊರು ಬದಲಿಸುವ ಒಂಟಿ ತಾಯಿ ತನ್ನೊಬ್ಬಳ ಇಷ್ಟದಂತೆ ಹೋಗಲಾರಳು. ಇಂಥ ಆಜ್ಞೆಯೂ ಅವಳ ಜೊತೆಯಲ್ಲಿಯೇ ಹೋಗುತ್ತದೆ.

ಇಷ್ಟನ್ನೂ ಎರಡು ಅಂಕಣಗಳಲ್ಲಿ ಬರೆದು ಕೂಡಿಸಿ ಕಳೆದು ನೋಡಿದರೆ ತಕ್ಕಡಿ ಹೆಚ್ಚು ಕಡಮೆ ಸಮವಾಗಿಯೇ ನಿಂತಿತು. ತೀರ್ಮಾನದ ಮಾತನ್ನು ಆಡಿದವಳು ನಮ್ಮ ಮನೆಗೆಲಸಕ್ಕೆ ಬರುವಾಕೆ. ಗಂಡ ಬಿಟ್ಟುಹೋದ ಮೇಲೆ ಒಂದು ಮಗುವನ್ನು ಕಟ್ಟಿಕೊಂಡು ಮಂಡ್ಯದಿಂದ ಬಂದವಳು. ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ಪಡಿತರ ಚೀಟಿಯ ಯಜಮಾನಿಗೆ ಸಲ್ಲತಕ್ಕದ್ದು. ಚೀಟಿಯಲ್ಲಿರುವ ಯಜಮಾನಿ ಆಕೆಯ ಅತ್ತೆ. ನನ್ನ ಕಾಗದದ ವಿಚಾರ ಕೇಳಿ ಆಕೆ ಪಾತ್ರೆ ಬೆಳಗುತ್ತಲೇ ಅಂದಳು: “ನಂದೂ ಅದೇ ಲೆಕ್ಕ ಸ್ವಾಮಿ. ಅಲ್ಲಿ ಮಗ ನೋಡ್ಕಳೋರವ್ರೆ, ದುಡ್ಡಿಲ್ಲ. ಇಲ್ಲಿ ದುಡ್ಡೈತೆ, ನೋಡ್ಕಳೋರಿಲ್ಲ.”

ಅಂದು ರಾತ್ರಿ ನನ್ನ ಎರಡೂ ಅಂಕಣಗಳನ್ನು ಹೊಡೆದುಹಾಕಿ ಒಂದೇ ಪ್ರಶ್ನೆಯನ್ನು ಬರೆದೆ. ಶಾಲೆ ಬಿಡುವುದು ಮೂರೂವರೆಗೆ. ಬ್ಯಾಂಕಿನ ಕೆಲಸ ಮುಗಿಯುವುದು ಆರಕ್ಕೆ. ನಡುವೆ ಮಗು ಯಾರ ಬಳಿ? ಮೈಸೂರಿನಲ್ಲಿ ತಾಯಿ ಆರೂಕಾಲಕ್ಕೆ ಮನೆ ಸೇರುತ್ತಾಳೆ, ಬೆಂಗಳೂರಿನಲ್ಲಿ ಏಳೂವರೆಗೆ. ಹನ್ನೊಂದು ಗಂಟೆಗೆ ಮಗುವಿಗೆ ಜ್ವರವೆಂದು ಶಾಲೆಯಿಂದ ಕರೆ ಬಂದರೆ ಅಲ್ಲಿ ಹದಿನೈದು ನಿಮಿಷ, ಇಲ್ಲಿ ಒಂದೂವರೆ ಗಂಟೆ.

ನಮ್ಮ ನಗರಗಳು ಈ ಪ್ರಶ್ನೆಯನ್ನು ಎಂದೂ ಕೇಳಿಕೊಂಡವಲ್ಲ. 1892ರ ಚಾಮರಾಜಪೇಟೆಯಾಗಲಿ, 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಾಗಲಿ ಗಾಳಿ ಬೆಳಕಿಗೆ, ಅಗಲವಾದ ಬೀದಿಗೆ ಗಮನ ಕೊಟ್ಟು ಕಟ್ಟಿದಂಥವು. ಆದರೆ ಗಂಡಸು ಕಚೇರಿಗೆ ಹೋದಾಗ ಹೆಂಗಸೊಬ್ಬಳು ಮನೆಯಲ್ಲಿ ಇದ್ದೇ ಇರುತ್ತಾಳೆಂಬುದು ಆ ನಕ್ಷೆಯ ಹಿಂದಿನ ಊಹೆ. ಆಕಸ್ಮಿಕವಾಗಿ ಅವಳಿಲ್ಲದಿದ್ದರೆ ವಠಾರವಿತ್ತು. ನಾನು ಬೆಳೆದ ವಠಾರದಲ್ಲಿ ಏಳು ಮನೆಗಳಿಗೆ ಒಂದೇ ಅಂಗಳ. ಶಾಲೆಯಿಂದ ಬಂದ ಹುಡುಗನಿಗೆ ಯಾರ ಮನೆಯಲ್ಲಿಯಾದರೂ ಅವಲಕ್ಕಿಯೋ ಬೈಗುಳವೋ ಒಂದು ಸಿಗುತ್ತಿತ್ತು. ಆ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವೆದ್ದಿದೆ; ಅದರ ಕಾವಲುಗಾರ ಮಾತ್ರ ಮಕ್ಕಳ ಹೆಸರು ಬಲ್ಲ.

ಈ ಕೊರತೆಯನ್ನು ಮುಂಚೆಯೇ ಕಂಡವರು ಇಲ್ಲಿಯೇ ಇದ್ದರು. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾದ ಆರ್. ಕಲ್ಯಾಣಮ್ಮನವರು 1921ರಲ್ಲಿ ‘ಸರಸ್ವತಿ’ ಪತ್ರಿಕೆಯನ್ನು ಆರಂಭಿಸಿದರು. 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಶಾಲೆಯೂ ಅಲ್ಲದ, ಮನೆಯೂ ಅಲ್ಲದ ಒಂದು ಜಾಗ ಮಕ್ಕಳಿಗೆ ಬೇಕೆಂಬುದು ಅವರಿಗೆ ಹೊಳೆದಿತ್ತು. ಅಂಥದು ಬಡಾವಣೆಗೊಂದರಂತೆ ಹುಟ್ಟಿದ್ದರೆ ನನ್ನ ಕಾಗದ ಬೇರೆಯಾಗಿರುತ್ತಿತ್ತು.

ಸರ್ಕಾರ ಸುಮ್ಮನಿದೆಯೆಂದು ಹೇಳಿದರೆ ನ್ಯಾಯವಾಗದು. ಐವತ್ತಕ್ಕಿಂತ ಕಡಮೆಯಿಲ್ಲದಷ್ಟು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದು 2017ರಲ್ಲಿ ಹೆರಿಗೆ ಸೌಲಭ್ಯದ ಕಾನೂನಿಗೆ ತಿದ್ದುಪಡಿಯಾಯಿತು. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಘೋಷಿಸಿತು. ಇವೆರಡೂ ಮುಖ್ಯವಾಗಿ ಎಳೆಗೂಸುಗಳಿಗೆ. ಮಗು ಶಾಲೆಗೆ ಸೇರಿದೊಡನೆ ಅದರ ಸಂಜೆ ಯಾರ ಹೊಣೆಯೂ ಅಲ್ಲದಂತಾಗುತ್ತದೆ. ಜರ್ಮನಿಯಲ್ಲಿ 2021ರಲ್ಲಿ ಕಾನೂನು ಮಾಡಿ, 2026ರ ಶಾಲಾ ವರ್ಷದಿಂದ ಮೊದಲ್ಗೊಂಡು ಹಂತಹಂತವಾಗಿ, ಪ್ರಾಥಮಿಕ ಶಾಲೆಯ ಮಗುವನ್ನು ವಾರದ ಐದು ದಿನ ಎಂಟೆಂಟು ಗಂಟೆ ನೋಡಿಕೊಳ್ಳುವ ಏರ್ಪಾಟನ್ನು ಹಕ್ಕಾಗಿ ಒಪ್ಪಿಕೊಂಡರು. ನಮಗೆ ಅಷ್ಟು ಶಕ್ತಿ ಒಮ್ಮೆಗೇ ಬರಲಾರದು. ಆದರೆ ನಮ್ಮ ಸರ್ಕಾರಿ ಶಾಲೆಗಳ ಕೋಣೆಗಳು ಸಂಜೆ ನಾಲ್ಕರ ಮೇಲೆ ಬೀಗ ಹಾಕಿಕೊಂಡಿರುತ್ತವೆ. ಬಡಾವಣೆಗೊಂದು ಶಾಲೆಯನ್ನು ಆರೂವರೆಯವರೆಗೆ ತೆರೆದಿಟ್ಟು, ಇಬ್ಬರು ಆಯಾಗಳನ್ನೂ ಒಂದು ಹಿಡಿ ಉಪ್ಪಿಟ್ಟನ್ನೂ ಒದಗಿಸುವುದು ಮಹಾನಗರಕ್ಕೆ ಆಗದ ಕೆಲಸವೆ? ಅದರಿಂದ ನನ್ನ ಮಗಳಿಗಿಂತ ಹೆಚ್ಚಿನ ಪ್ರಯೋಜನ ಪಾತ್ರೆ ಬೆಳಗುವಾಕೆಗೆ.

ಇಷ್ಟಾದರೂ ಆಸೆ ಬಿಡಲಿಲ್ಲ. ದೂರವಾಣಿಯಲ್ಲಿ ಮಗಳಿಗೆ ಅಂದೆ: “ಸಂಜೆ ನೋಡಿಕೊಳ್ಳುವುದಕ್ಕೆ ನಾನಿದ್ದೇನಲ್ಲಮ್ಮ!” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗು ಹತ್ತನೆಯ ತರಗತಿಗೆ ಬರುವಾಗ ನಿಮಗೆ ಎಂಬತ್ತು, ಅಪ್ಪ. ನಿಮ್ಮನ್ನು ನಾನು ನೋಡಿಕೊಳ್ಳಬೇಕಾದ ಕಾಲ ಅದು” ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಜ್ಜನ ಆಯುಸ್ಸನ್ನು ನಂಬಿ ಊರನ್ನು ಆರಿಸುವುದು ವಿವೇಕವಲ್ಲ.

ಕಾಗದದಲ್ಲಿ ಮೈಸೂರು ಎಂದೇ ಬರೆದೆ. ಅವಳು ಅಲ್ಲಿಗೆ ಹೋಗಿ ಈಗ ನಾಲ್ಕು ತಿಂಗಳಾಯಿತು. ಶಾಲೆಯ ಹಿಂಬದಿಯ ಬೀದಿಯಲ್ಲಿ ಮನೆ. ಸಂಜೆಯ ಹೊತ್ತು ಕೆಳಗಿನ ಮನೆಯ ನಿವೃತ್ತ ಉಪಾಧ್ಯಾಯಿನಿಯೊಬ್ಬರು ತಿಂಗಳಿಗಿಷ್ಟೆಂದು ಪಡೆದು ಮಗುವನ್ನು ನೋಡಿಕೊಳ್ಳುತ್ತಾರೆ. ಎರಡನೆಯ ಭಾನುವಾರ ಬೆಳಗಿನ ಗಾಡಿಯಲ್ಲಿ ತಾಯಿ ಮಗಳು ಬೆಂಗಳೂರಿಗೆ ಬರುತ್ತಾರೆ. ಗಾಡಿ ಬರುವುದಕ್ಕೆ ಅರ್ಧ ಗಂಟೆ ಮುಂಚಿತವಾಗಿಯೇ ನಾನು ನಿಲ್ದಾಣದಲ್ಲಿರುತ್ತೇನೆ. ಮಗುವನ್ನು ತಂದೆಯ ಬಳಿಗೆ ಕರೆದೊಯ್ಯುವ ಮುಂಚೆ ನಮಗೆ ಒಂದು ಗಂಟೆಯ ಬಿಡುವು. ಗಾಂಧಿ ಬಜಾರಿಗೆ ಹೋಗಿ ದೋಸೆ ತಿನ್ನುತ್ತೇವೆ.